ಇಂಧನ ತೆರಿಗೆ ಏರಿಸಿದರೆ ಬಳಕೆ ಎಷ್ಟು ಇಳಿಯುತ್ತದೆ, ಯಾವಾಗ ಇಳಿಯುತ್ತದೆ?

ಪೆಟ್ರೋಲ್, ಡೀಸೆಲ್ ಮೇಲಿನ ತೆರಿಗೆ ಏರಿಸುವ ಮಾತು ಬಂದಾಗಲೆಲ್ಲ ಮೊದಲು ಏಳುವ ಆಕ್ಷೇಪ ಒಂದೇ: ಕೆಲಸಕ್ಕೆ ಹೋಗುವವರು ಹೋಗಲೇಬೇಕು, ಸರಕು ಸಾಗಲೇಬೇಕು, ಬೆಲೆ ಎಷ್ಟಾದರೂ ಬಳಕೆ ಇಳಿಯುವುದಿಲ್ಲ, ಇದೆಲ್ಲ ಬೊಕ್ಕಸ ತುಂಬಿಸಿಕೊಳ್ಳುವ ನೆಪ. ಬೆಲೆ ಏರಿದ ಮರುವಾರ ರಸ್ತೆಗೆ ಇಳಿದು ನೋಡಿದರೆ ಈ ಮಾತು ನಿಜವೆನಿಸುತ್ತದೆ. ವಾಹನಗಳು ಹಿಂದಿನಷ್ಟೇ ಇರುತ್ತವೆ. ಐದು ವರ್ಷದ ಮಾರಾಟದ ಲೆಕ್ಕ ತೆಗೆದು ನೋಡಿದರೆ ಚಿತ್ರ ಬೇರೆಯಾಗುತ್ತದೆ. ಇಂಧನ ತೆರಿಗೆ ಬಳಕೆಯನ್ನು ಖಂಡಿತ ಇಳಿಸುತ್ತದೆ, ಆದರೆ ನಿಧಾನವಾಗಿ. ಈ ನಿಧಾನವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ತೆರಿಗೆ ಏರಿಸಿದ ಸರ್ಕಾರಗಳೇ ಹೆಚ್ಚಾಗಿ ಪೆಟ್ಟು ತಿಂದಿವೆ.

ಶೇ 10ರಷ್ಟು ಬೆಲೆ ಏರಿದರೆ

ಬೆಲೆ ಏರಿದಾಗ ಬೇಡಿಕೆ ಎಷ್ಟು ಕುಗ್ಗುತ್ತದೆ ಎಂಬ ಪ್ರಮಾಣವನ್ನು ಅರ್ಥಶಾಸ್ತ್ರದಲ್ಲಿ ಬೇಡಿಕೆಯ ಸ್ಥಿತಿಸ್ಥಾಪಕತ್ವ ಎನ್ನುತ್ತಾರೆ. ಹೆಸರು ಭಾರವಾಗಿದೆ, ಲೆಕ್ಕ ಸುಲಭ. ಬೆಲೆ ಶೇ 10 ಏರಿದಾಗ ಬಳಕೆ ಶೇ 2.5 ಇಳಿದರೆ ಆ ಪ್ರಮಾಣ ಮೈನಸ್ 0.25. ಗುಡ್‌ವಿನ್, ಡಾರ್ಗೇ, ಹ್ಯಾನ್ಲಿ ಎಂಬ ಮೂವರು ಸಾರಿಗೆ ಅರ್ಥಶಾಸ್ತ್ರಜ್ಞರು ಅದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ 2004ರಲ್ಲಿ ಕೊಟ್ಟ ಅಂದಾಜನ್ನು ಇಂದಿಗೂ ಎಲ್ಲರೂ ಬಳಸುತ್ತಾರೆ. ಹಣದುಬ್ಬರ ಕಳೆದು ನೋಡಿದ ಬೆಲೆ ಶೇ 10 ಏರಿ, ಹಾಗೆಯೇ ನಿಂತರೆ, ಒಂದು ವರ್ಷದೊಳಗೆ ಇಂಧನ ಬಳಕೆ ಸುಮಾರು ಶೇ 2.5ರಷ್ಟು, ಐದು ವರ್ಷದ ಹೊತ್ತಿಗೆ ಸುಮಾರು ಶೇ 6ರಷ್ಟು ಇಳಿಯುತ್ತದೆ. ವಾಹನ ಸಂಚಾರ ಮಾತ್ರ ಒಂದು ವರ್ಷದಲ್ಲಿ ಶೇ 1, ಐದು ವರ್ಷದಲ್ಲಿ ಶೇ 3ರಷ್ಟು ಮಾತ್ರ ಕುಗ್ಗುತ್ತದೆ.

ಸಂಚಾರಕ್ಕಿಂತ ಇಂಧನ ದುಪ್ಪಟ್ಟು ಇಳಿಯುತ್ತದೆ ಎಂಬುದನ್ನು ಗಮನಿಸಿ. ಇಳಿಕೆಯ ಅರ್ಧದಷ್ಟಾದರೂ ಬರುವುದು ಜನ ಓಡಾಟ ಬಿಡುವುದರಿಂದಲ್ಲ, ಅದೇ ಓಡಾಟಕ್ಕೆ ಕಡಿಮೆ ಲೀಟರ್ ಸುಡುವುದರಿಂದ ಎಂದು ಇದರ ಅರ್ಥ. 'ಓಡಾಡಲೇಬೇಕಲ್ಲ' ಎಂಬ ಆಕ್ಷೇಪಕ್ಕೆ ಉತ್ತರ ಇಲ್ಲೇ ಇದೆ.

ಒಬ್ಬ ವಾಹನ ಮಾಲೀಕರ ಲೆಕ್ಕವನ್ನೇ ತೆಗೆದುಕೊಳ್ಳೋಣ. ವರ್ಷಕ್ಕೆ 12,000 ಕಿಲೋಮೀಟರ್ ಓಡಾಟ, ಲೀಟರಿಗೆ 15 ಕಿಲೋಮೀಟರ್ ಮೈಲೇಜ್. ಅಂದರೆ ವರ್ಷಕ್ಕೆ 800 ಲೀಟರ್. ಬೆಲೆ ಏರಿದ ಮೊದಲ ವಾರ ಅವರ ಕೈಯಲ್ಲಿರುವುದು ಸಣ್ಣಪುಟ್ಟ ಉಪಾಯಗಳು: ಎರಡು ಕೆಲಸ ಒಂದೇ ಸುತ್ತಿನಲ್ಲಿ ಮುಗಿಸುವುದು, ಟೈರಿನ ಗಾಳಿ ಸರಿ ಇಟ್ಟುಕೊಳ್ಳುವುದು, ಹೆದ್ದಾರಿಯಲ್ಲಿ ವೇಗ ತಗ್ಗಿಸುವುದು. ಕೊನೆಯದನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 110ರ ಬದಲು 90 ಕಿಲೋಮೀಟರ್ ವೇಗದಲ್ಲಿ ಓಡಿಸಿದರೆ ಆ ಪ್ರತಿರೋಧ ಮೂರರಲ್ಲಿ ಒಂದು ಭಾಗ ಕಡಿಮೆಯಾಗುತ್ತದೆ. ಇವೆಲ್ಲ ಸೇರಿ ಕೆಲವು ಲೀಟರ್ ಉಳಿಯಬಹುದು. ನಿಜವಾದ ಬದಲಾವಣೆ ಆಗುವುದು ಅವರು ಮುಂದಿನ ವಾಹನ ಕೊಳ್ಳುವಾಗ. ಲೀಟರಿಗೆ 20 ಕಿಲೋಮೀಟರ್ ಓಡುವುದನ್ನು ಕೊಂಡರೆ 800 ಲೀಟರ್ ಇದ್ದದ್ದು 600ಕ್ಕೆ ಬರುತ್ತದೆ. ಒಂದು ಕಿಲೋಮೀಟರ್ ಓಡಾಟವನ್ನೂ ಬಿಡದೆ ಬಳಕೆ ಶೇ 25 ಇಳಿಯಿತು. ಎಲ್ಲರೂ ಒಂದೇ ವರ್ಷ ವಾಹನ ಬದಲಿಸುವುದಿಲ್ಲವಾದ್ದರಿಂದ ದೇಶದ ಒಟ್ಟು ಲೆಕ್ಕದಲ್ಲಿ ಇದು ಕಾಣಲು ವರ್ಷಗಳು ಬೇಕು. ಮನೆ ಎಲ್ಲಿ ಮಾಡಬೇಕು, ಕೆಲಸ ಎಲ್ಲಿ ಹಿಡಿಯಬೇಕು ಎಂಬ ನಿರ್ಧಾರಗಳು ಬದಲಾಗಲು ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ.

ಮೈಲೇಜ್ ಲೆಕ್ಕದಲ್ಲಿ ಅನೇಕರು ಎಡವುವ ಒಂದು ಜಾಗವಿದೆ. ಅದೇ 12,000 ಕಿಲೋಮೀಟರಿಗೆ, ಲೀಟರಿಗೆ 20 ಕೊಡುವ ವಾಹನ ಬಿಟ್ಟು 25 ಕೊಡುವುದನ್ನು ಹಿಡಿದರೆ ಉಳಿಯುವುದು 120 ಲೀಟರ್. ಲೀಟರಿಗೆ 8 ಕೊಡುವ ಹಳೆಯ ಭಾರಿ ವಾಹನ ಬಿಟ್ಟು 10 ಕೊಡುವುದನ್ನು ಹಿಡಿದರೆ 1,500 ಇದ್ದದ್ದು 1,200 ಆಗಿ 300 ಲೀಟರ್ ಉಳಿಯುತ್ತದೆ. ನೋಡಲು ಸಣ್ಣದಾದ 8–10ರ ಜಿಗಿತವೇ ದೊಡ್ಡದು. ತೆರಿಗೆ ಲೀಟರ್ ಲೆಕ್ಕದಲ್ಲಿ ಬೀಳುವುದರಿಂದ ಅತಿ ಹೆಚ್ಚು ಕುಡಿಯುವ ವಾಹನದ ಮೇಲೇ ಅದರ ಒತ್ತಡ ಹೆಚ್ಚು. ಯಾವ ಅಧಿಕಾರಿಯೂ ವಾಹನಗಳ ಪಟ್ಟಿ ಹಿಡಿದು ಕೂರಬೇಕಾಗಿಲ್ಲ. ಇಂಧನ ತೆರಿಗೆಯ ಪರವಾಗಿ ಹೇಳಬಹುದಾದ ಅತ್ಯಂತ ಗಟ್ಟಿ ಮಾತು ನನ್ನ ದೃಷ್ಟಿಯಲ್ಲಿ ಇದೇ.

ಬೊಕ್ಕಸದ ಲೆಕ್ಕ

ಇನ್ನು ಜನರ ಅನುಮಾನದ ವಿಷಯ. ಅದಕ್ಕೂ ಆಧಾರವಿದೆ. ಲೀಟರ್ ಬೆಲೆ 100, ಅದರಲ್ಲಿ ತೆರಿಗೆ 40, ವರ್ಷದ ಮಾರಾಟ 100 ಕೋಟಿ ಲೀಟರ್ ಎಂದಿಟ್ಟುಕೊಳ್ಳಿ. ನಾಣ್ಯ ಯಾವುದಾದರೂ ಆಗಲಿ. ಸರ್ಕಾರಕ್ಕೆ ಬರುವುದು 4,000 ಕೋಟಿ. ತೆರಿಗೆಯನ್ನು 50ಕ್ಕೆ ಏರಿಸಿದರೆ ಬೆಲೆ 110. ಮೊದಲ ವರ್ಷ ಮಾರಾಟ 97.5 ಕೋಟಿ ಲೀಟರಿಗೆ ಇಳಿಯುತ್ತದೆ, ಆದಾಯ 4,875 ಕೋಟಿಗೆ ಏರುತ್ತದೆ. ಐದನೇ ವರ್ಷ ಮಾರಾಟ 94 ಕೋಟಿ ಲೀಟರ್, ಆದಾಯ 4,700 ಕೋಟಿ. ಬಳಕೆ ಶೇ 6 ಇಳಿಯಿತು, ಆದಾಯ ಶೇ 17.5 ಏರಿತು. ಸ್ಥಿತಿಸ್ಥಾಪಕತ್ವ ಒಂದಕ್ಕಿಂತ ಕಡಿಮೆ ಇರುವವರೆಗೂ ಹೀಗೇ. ಬೇಡಿಕೆ ಇಳಿಸುವ ಸಾಧನವಾಗಿ ಇದು ಸಾಧಾರಣ, ಹಣ ಎತ್ತುವ ಸಾಧನವಾಗಿ ಉತ್ತಮ. ಆದ್ದರಿಂದಲೇ 'ಪರಿಸರಕ್ಕಾಗಿ' ಎಂದು ಹೇಳಿ ಏರಿಸಿದ ತೆರಿಗೆಯನ್ನು ಜನ ನಂಬುವುದಿಲ್ಲ. ಬಂದ ಹಣದ ಲೆಕ್ಕ ಕೊಡದ ಸರ್ಕಾರಕ್ಕೆ ಆ ಅಪನಂಬಿಕೆಯನ್ನು ದೂರುವ ಹಕ್ಕೂ ಇಲ್ಲ.

ಇದೇ ಲೆಕ್ಕವನ್ನು ತಿರುಗಿಸಿ ನೋಡೋಣ. ಬಳಕೆಯನ್ನು ಶೇ 20 ಇಳಿಸಬೇಕಿದ್ದರೆ ಬೆಲೆ ಎಷ್ಟಾಗಬೇಕು? ಐದು ವರ್ಷ ಕಾಯಲು ಸಿದ್ಧರಿದ್ದರೆ, ಮೈನಸ್ 0.6 ಪ್ರಮಾಣದಲ್ಲಿ ಬೆಲೆ ಸುಮಾರು ಶೇ 45 ಏರಬೇಕು (ಏರಿಕೆ ದೊಡ್ಡದಾದಾಗ ಶೇಕಡಾವಾರುಗಳು ಒಂದರ ಮೇಲೊಂದು ಕೂಡುವುದರಿಂದ ನೇರ ಗುಣಾಕಾರದ ಶೇ 33 ಸಾಲದು). ಒಂದೇ ವರ್ಷದಲ್ಲಿ ಆಗಬೇಕೆಂದರೆ, ಮೈನಸ್ 0.25 ಪ್ರಮಾಣದಲ್ಲಿ ಬೆಲೆ ಸುಮಾರು ಎರಡೂವರೆ ಪಟ್ಟಾಗಬೇಕು. ಯಾವ ಸರ್ಕಾರವೂ ಅದನ್ನು ಮಾಡಿ ಉಳಿಯಲಾರದು.

ಹಾಗಾಗಿ ಯುದ್ಧ, ದಿಗ್ಬಂಧನ, ಸಂಸ್ಕರಣಾಗಾರದ ಅವಘಡಗಳಿಂದ ಹಠಾತ್ತನೆ ಬರುವ ಕೊರತೆಗೆ ತೆರಿಗೆ ಮದ್ದಲ್ಲ. 1973ರ ತೈಲ ಬಿಕ್ಕಟ್ಟಿನಲ್ಲಿ ನೆದರ್‌ಲ್ಯಾಂಡ್ಸ್, ಪಶ್ಚಿಮ ಜರ್ಮನಿಗಳು ಭಾನುವಾರ ಕಾರು ಓಡಿಸುವುದನ್ನೇ ನಿಷೇಧಿಸಿದವು. ಅಮೆರಿಕ 1974ರ ಆರಂಭದಲ್ಲಿ ಇಡೀ ದೇಶಕ್ಕೆ ಗಂಟೆಗೆ 55 ಮೈಲಿಯ ವೇಗಮಿತಿ ತಂದಿತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಕೊಟ್ಟ ಹತ್ತು ಅಂಶಗಳ ಸಲಹೆಯಲ್ಲೂ ಹೆದ್ದಾರಿ ವೇಗವನ್ನು ಗಂಟೆಗೆ 10 ಕಿಲೋಮೀಟರ್ ಇಳಿಸುವುದು, ಮನೆಯಿಂದ ಕೆಲಸ, ಕಾರುರಹಿತ ಭಾನುವಾರ ಇಂಥವೇ ಇದ್ದವು. ನಾಲ್ಕು ತಿಂಗಳಲ್ಲಿ ದಿನಕ್ಕೆ 27 ಲಕ್ಷ ಬ್ಯಾರೆಲ್ ಉಳಿಸಬಹುದು ಎಂಬುದು ಅದರ ಅಂದಾಜಾಗಿತ್ತು.

ತೆರಿಗೆಯ ಏರಿಕೆ, ತೈಲದ ಏರಿಕೆ ಎರಡೂ ಒಂದಲ್ಲ

ಅಧ್ಯಯನಗಳ ಅಂಕಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂದು ಕೆಲವರು ಅವನ್ನು ಸಾರಾಸಗಟಾಗಿ ಬದಿಗೊತ್ತುತ್ತಾರೆ. ಅಮೆರಿಕದ ಅಂಕಿಗಳನ್ನೇ ನೋಡಿ. ಹ್ಯೂಸ್, ನಿಟಲ್, ಸ್ಪರ್ಲಿಂಗ್ ಎಂಬ ಸಂಶೋಧಕರು ಎರಡು ಅವಧಿಗಳನ್ನು ಹೋಲಿಸಿದರು. 1975–80ರಲ್ಲಿ ಅಲ್ಪಾವಧಿಯ ಪ್ರಮಾಣ ಮೈನಸ್ 0.21ರಿಂದ 0.34ರವರೆಗೆ ಇತ್ತು. 2001–06ರಲ್ಲಿ ಅದು ಮೈನಸ್ 0.034ರಿಂದ 0.077ರಷ್ಟಕ್ಕೆ ಕುಸಿದಿತ್ತು. ಆದಾಯ ಏರಿ, ಊರುಗಳು ಹರಡಿಕೊಂಡು, ಕಾರು ಬಿಟ್ಟರೆ ಬೇರೆ ದಾರಿಯಿಲ್ಲದ ಬಡಾವಣೆಗಳು ಹೆಚ್ಚಿದಾಗ ಬೆಲೆಯ ಬಿಸಿ ತಟ್ಟುವುದು ಕಡಿಮೆಯಾಗುತ್ತದೆ. ಬಸ್ಸು, ರೈಲು, ನಡೆಯಲು ಯೋಗ್ಯವಾದ ರಸ್ತೆ ಇರುವಲ್ಲಿ ಅದೇ ಏರಿಕೆಗೆ ಹೆಚ್ಚು ಇಳಿಕೆ ಸಿಗುತ್ತದೆ. ಸ್ಥಿತಿಸ್ಥಾಪಕತ್ವ ಎಂಬುದು ಪ್ರಕೃತಿ ಕೊಟ್ಟ ಸ್ಥಿರಾಂಕವಲ್ಲ. ಬೇರೆ ದಾರಿ ಎಷ್ಟಿದೆಯೋ ಅಷ್ಟು ಅದರ ಬಲ.

ಇದಕ್ಕಿಂತ ಕುತೂಹಲದ ಸಂಗತಿ ಇನ್ನೊಂದಿದೆ. ಕಚ್ಚಾ ತೈಲ ದುಬಾರಿಯಾಗಿ ಬಂಕಿನ ಬೆಲೆ ಏರಿದಾಗ ಜನ ಮಾಡುವುದಕ್ಕಿಂತ, ಅಷ್ಟೇ ಮೊತ್ತದ ತೆರಿಗೆ ಏರಿದಾಗ ಹೆಚ್ಚು ಕಡಿತ ಮಾಡುತ್ತಾರೆ. ಅಮೆರಿಕದ ರಾಜ್ಯಗಳ ತೆರಿಗೆ ಬದಲಾವಣೆಗಳಲ್ಲಿ, ಸ್ವೀಡನ್ನಿನಲ್ಲಿ, ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಬೇರೆ ಬೇರೆ ಸಂಶೋಧಕರಿಗೆ ಇದೇ ಕಂಡಿದೆ. ಬ್ರಿಟಿಷ್ ಕೊಲಂಬಿಯಾದ ಕಾರ್ಬನ್ ತೆರಿಗೆಯ (ಇಂಧನ ಸುಟ್ಟಾಗ ಹೊರಬೀಳುವ ಇಂಗಾಲದ ಲೆಕ್ಕದಲ್ಲಿ ಹಾಕುವ ತೆರಿಗೆ) ಪರಿಣಾಮ ಮಾರುಕಟ್ಟೆ ಬೆಲೆಯ ಪರಿಣಾಮಕ್ಕಿಂತ ಸುಮಾರು ನಾಲ್ಕು ಪಟ್ಟು ಎಂದು ರಿವರ್ಸ್, ಶಾಫೆಲೆ ಎಂಬಿಬ್ಬರ ಲೆಕ್ಕ. ಕಾರಣ ಊಹಿಸುವುದು ಕಷ್ಟವಲ್ಲ. ತೈಲ ಬೆಲೆ ಇಂದು ಏರಿ ನಾಳೆ ಇಳಿಯುತ್ತದೆ, ಅದನ್ನು ನೆಚ್ಚಿ ಯಾರೂ ವಾಹನ ಬದಲಿಸುವುದಿಲ್ಲ. ತೆರಿಗೆ ಒಮ್ಮೆ ಬಂದರೆ ಹೋಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಪತ್ರಿಕೆಗಳಲ್ಲಿ ವಾರಗಟ್ಟಲೆ ಚರ್ಚೆಯಾಗುವುದರಿಂದ ಅದು ಕಣ್ಣಿಗೂ ಬೀಳುತ್ತದೆ. ತೆರಿಗೆ ಮುಂದಿನ ವರ್ಷವೂ ಇರುತ್ತದೆ, ಇನ್ನಷ್ಟು ಏರುತ್ತದೆ ಎಂಬ ನಂಬಿಕೆಯೇ ಅರ್ಧ ಕೆಲಸ ಮಾಡುತ್ತದೆ. ಮೂರು ತಿಂಗಳಿಗೊಮ್ಮೆ ಏರಿಸಿ, ಚುನಾವಣೆ ಬಂದಾಗ ಇಳಿಸಿದರೆ ಈ ನಂಬಿಕೆ ಹೋಗುತ್ತದೆ. ಆಗ ತೆರಿಗೆಯೂ ತೈಲ ಬೆಲೆಯ ಹಾಗೆ ಬಂದುಹೋಗುವ ಕಿರಿಕಿರಿಯಷ್ಟೇ.

ಒಮ್ಮೆ ಏರಿಸಿ ಬಿಟ್ಟರೆ ಕರಗಿಹೋಗುತ್ತದೆ

ಲೀಟರಿಗೆ ಇಂತಿಷ್ಟು ಎಂದು ನಿಗದಿಯಾದ ತೆರಿಗೆಗೆ ಹಣದುಬ್ಬರವೇ ಶತ್ರು. ಅಮೆರಿಕದ ಒಕ್ಕೂಟ ಸರ್ಕಾರದ ಪೆಟ್ರೋಲ್ ತೆರಿಗೆ ಗ್ಯಾಲನ್ನಿಗೆ 18.4 ಸೆಂಟ್. ಅದು 1993ರಿಂದ ಬದಲಾಗಿಲ್ಲ. ಅದರ ಕೊಳ್ಳುವ ಶಕ್ತಿ ಅರ್ಧಕ್ಕಿಂತ ಕೆಳಗಿಳಿದಿದೆ. ಆ ತೆರಿಗೆಯಿಂದ ತುಂಬಬೇಕಾದ ರಸ್ತೆ ನಿಧಿಗೆ 2008ರಿಂದ ಸಾಮಾನ್ಯ ಬಜೆಟ್ಟಿನಿಂದ ಹಣ ತುಂಬಬೇಕಾಗಿ ಬಂದಿದೆ.

ಬೆಲೆಯ ಶೇಕಡಾವಾರು ತೆರಿಗೆ ಹಾಕಿದರೆ ಈ ತೊಂದರೆ ಇಲ್ಲ, ಬೇರೊಂದಿದೆ: ಕಚ್ಚಾ ತೈಲ ಏರಿದಾಗ ತೆರಿಗೆಯೂ ಏರಿ ಗಾಯದ ಮೇಲೆ ಬರೆ ಎಳೆಯುತ್ತದೆ, ತೈಲ ಇಳಿದಾಗ ತೆರಿಗೆಯೂ ಕುಸಿಯುತ್ತದೆ. ಬೇಡಿಕೆ ಇಳಿಸುವುದೇ ಗುರಿಯಾದರೆ ಲೀಟರಿಗೆ ನಿಗದಿತ ಮೊತ್ತ ಇಟ್ಟು, ಅದನ್ನು ಪ್ರತಿ ವರ್ಷ ಹಣದುಬ್ಬರಕ್ಕಿಂತ ತುಸು ಹೆಚ್ಚು ಏರಿಸುವುದು ಸರಿಯಾದ ಕ್ರಮ.

'ತುಸು ಹೆಚ್ಚು' ಏಕೆಂದರೆ ಆದಾಯವೂ ಏರುತ್ತಿರುತ್ತದೆ. ಜನರ ಆದಾಯ ಶೇ 10 ಏರಿದರೆ ಕಾಲಕ್ರಮೇಣ ಇಂಧನ ಬಳಕೆಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ ಎಂದು ಮೇಲೆ ಹೇಳಿದ 2004ರ ಸಮೀಕ್ಷೆಯೇ ಹೇಳುತ್ತದೆ. ವರ್ಷಕ್ಕೆ ಶೇ 3ರಂತೆ ಆದಾಯ ಬೆಳೆಯುವ ದೇಶದಲ್ಲಿ ಶೇ 10ರ ಒಂದು ಬೆಲೆ ಏರಿಕೆಯಿಂದ ಸಿಗುವ ಶೇ 6ರ ಇಳಿಕೆಯನ್ನು ಎರಡು ಮೂರು ವರ್ಷದ ಬೆಳವಣಿಗೆಯೇ ನುಂಗಿಬಿಡುತ್ತದೆ. ಆಗ ಅಂಕಿ ನೋಡಿದವರು 'ತೆರಿಗೆ ಹಾಕಿದರೂ ಬಳಕೆ ಏರಿತು' ಎನ್ನುತ್ತಾರೆ. ಹೋಲಿಸಬೇಕಾದದ್ದು ಹಿಂದಿನ ವರ್ಷದ ಜೊತೆಗಲ್ಲ. ತೆರಿಗೆ ಇಲ್ಲದಿದ್ದರೆ ಬಳಕೆ ಎಲ್ಲಿಗೆ ಹೋಗುತ್ತಿತ್ತೋ ಅದರ ಜೊತೆ.

ಬ್ರಿಟನ್ 1993ರಲ್ಲಿ ಈ ಕ್ರಮವನ್ನೇ ಹಿಡಿಯಿತು. ಹಣದುಬ್ಬರದ ಮೇಲೆ ವರ್ಷಕ್ಕೆ ಶೇ 3ರಷ್ಟು ಸುಂಕ ತಾನಾಗಿಯೇ ಏರುವ ವ್ಯವಸ್ಥೆ. ನಂತರ ಅದನ್ನು ಶೇ 5ಕ್ಕೆ, 1997ರಲ್ಲಿ ಶೇ 6ಕ್ಕೆ ಒಯ್ದರು. 1999ರ ಆರಂಭದಲ್ಲಿ ಬ್ಯಾರೆಲಿಗೆ 10 ಡಾಲರ್ ಆಸುಪಾಸಿನಲ್ಲಿದ್ದ ಕಚ್ಚಾ ತೈಲ 2000ದ ಸೆಪ್ಟೆಂಬರ್ ಹೊತ್ತಿಗೆ 30 ಡಾಲರ್ ದಾಟಿತು. 1999ರ ಕೊನೆಯಲ್ಲೇ ಸ್ವಯಂಚಾಲಿತ ಏರಿಕೆಯನ್ನು ಕೈಬಿಟ್ಟಿದ್ದರೂ ಲಾರಿ ಮಾಲೀಕರು, ರೈತರು ಸೇರಿ ಸಂಸ್ಕರಣಾಗಾರಗಳ ಬಾಗಿಲಿಗೆ ಅಡ್ಡ ನಿಂತರು. ಕೆಲವೇ ದಿನಗಳಲ್ಲಿ ದೇಶದ ಬಂಕುಗಳು ಬರಿದಾದವು. 2011ರಿಂದ ಲೀಟರಿಗೆ 57.95 ಪೆನ್ಸ್‌ನಲ್ಲಿ ಹೆಪ್ಪುಗಟ್ಟಿದ ಸುಂಕವನ್ನು 2022ರಲ್ಲಿ 5 ಪೆನ್ಸ್ ಇಳಿಸಲಾಯಿತು. ಏರಿಕೆಯ ಕ್ರಮ ತಪ್ಪಾಗಿರಲಿಲ್ಲ. ತೈಲ ಬೆಲೆ ಮೂರು ಪಟ್ಟಾದಾಗ ಏನು ಮಾಡಬೇಕು ಎಂಬುದಕ್ಕೆ ಮೊದಲೇ ಬರೆದಿಟ್ಟ ನಿಯಮ ಇರಲಿಲ್ಲ. 'ಬಂಕಿನ ಬೆಲೆ ಇಂತಿಷ್ಟು ದಾಟಿದರೆ ಆ ವರ್ಷದ ಏರಿಕೆ ಮುಂದಕ್ಕೆ' ಎಂಬ ಒಂದು ಸಾಲು ಕಾನೂನಿನಲ್ಲಿದ್ದರೆ, ಬೀದಿಗಿಳಿದವರ ಮುಂದೆ ಮಣಿಯುವ ಬದಲು ನಿಯಮದ ಪ್ರಕಾರ ನಿಲ್ಲಿಸಬಹುದಿತ್ತು.

ಯಾವ ರೋಗಕ್ಕೆ ಈ ಮದ್ದು?

ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೋ, ಡೀಸೆಲ್ ಸುಟ್ಟರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಯಾವ ಗಾಡಿ, ಯಾವ ರಸ್ತೆ, ಯಾವ ಹೊತ್ತು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಹಾಗಾಗಿ ಇಂಗಾಲದ ವಿಷಯದಲ್ಲಿ ಲೀಟರ್ ಮೇಲಿನ ತೆರಿಗೆ ಗುರಿಗೆ ಸರಿಯಾಗಿ ತಾಗುತ್ತದೆ. ಟನ್ನಿಗೆ 50 ಡಾಲರ್ ಎಂದು ಬೆಲೆ ಕಟ್ಟಿದರೆ ಪೆಟ್ರೋಲ್ ಲೀಟರಿಗೆ 11.5 ಸೆಂಟ್, ಡೀಸೆಲ್‌ಗೆ 13.5 ಸೆಂಟ್ ಬೀಳುತ್ತದೆ. ಲೀಟರ್ ಲೆಕ್ಕದಲ್ಲಿ ಡೀಸೆಲ್ ಮೇಲೆ ಹೆಚ್ಚು ತೆರಿಗೆ ಇರಬೇಕಾದದ್ದು ನ್ಯಾಯ. ಬಹುತೇಕ ಕಡೆ ಇರುವುದು ತದ್ವಿರುದ್ಧ. ಯುರೋಪಿಯನ್ ಒಕ್ಕೂಟ 2003ರಲ್ಲಿ ನಿಗದಿ ಮಾಡಿದ ಕನಿಷ್ಠ ಸುಂಕವೇ ಲೀಟರ್ ಪೆಟ್ರೋಲ್‌ಗೆ 35.9 ಯೂರೋ ಸೆಂಟ್, ಡೀಸೆಲ್‌ಗೆ 33 ಯೂರೋ ಸೆಂಟ್. ಲಾರಿಗಳಿಗೆ ಅನುಕೂಲವಾಗಲೆಂದು ಇಟ್ಟ ಈ ಅಂತರ ಕಾರು ಕೊಳ್ಳುವವರನ್ನೂ ಡೀಸೆಲ್ ಕಡೆ ಎಳೆಯಿತು. 2011ರ ಆಸುಪಾಸಿನಲ್ಲಿ ಪಶ್ಚಿಮ ಯುರೋಪಿನಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್ ಆಗಿದ್ದವು. ನಗರಗಳ ಗಾಳಿಯಲ್ಲಿ ನೈಟ್ರೋಜನ್ ಆಕ್ಸೈಡ್ ತುಂಬಿತು. ತೆರಿಗೆಗೆ ಜನ ಸ್ಪಂದಿಸುವುದಿಲ್ಲ ಎನ್ನುವವರು ಇದೊಂದನ್ನು ನೋಡಿದರೆ ಸಾಕು.

ಸಂಚಾರ ದಟ್ಟಣೆಯ ವಿಷಯಕ್ಕೆ ಬಂದರೆ ಮಾತ್ರ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ. ಬೆಳಗಿನ ಒಂಬತ್ತು ಗಂಟೆಗೆ ನಗರದ ನಡುವೆ ಸುಟ್ಟ ಲೀಟರಿಗೂ, ರಾತ್ರಿ ಖಾಲಿ ಹಳ್ಳಿ ರಸ್ತೆಯಲ್ಲಿ ಸುಟ್ಟ ಲೀಟರಿಗೂ ಒಂದೇ ತೆರಿಗೆ. ಇಯಾನ್ ಪ್ಯಾರಿ, ಕೆನೆತ್ ಸ್ಮಾಲ್ ಎಂಬ ಅರ್ಥಶಾಸ್ತ್ರಜ್ಞರು 2005ರಲ್ಲಿ ಮಾಡಿದ ಲೆಕ್ಕದಲ್ಲಿ ಸಮಾಜದ ಒಟ್ಟು ಹಿತಕ್ಕೆ ತಕ್ಕ ಪೆಟ್ರೋಲ್ ತೆರಿಗೆ ಗ್ಯಾಲನ್ನಿಗೆ ಅಮೆರಿಕದಲ್ಲಿ 1.01 ಡಾಲರ್, ಬ್ರಿಟನ್ನಿನಲ್ಲಿ 1.34 ಡಾಲರ್ ಎಂದು ಬಂತು. ಆಗ ಇದ್ದದ್ದು ಅಮೆರಿಕದಲ್ಲಿ ಸುಮಾರು 40 ಸೆಂಟ್, ಬ್ರಿಟನ್ನಿನಲ್ಲಿ 2.80 ಡಾಲರ್. ಅವರ ಲೆಕ್ಕದ ದೊಡ್ಡ ಪಾಲು ದಟ್ಟಣೆ, ಅಪಘಾತ, ಸ್ಥಳೀಯ ಮಾಲಿನ್ಯದ್ದು. ಇಂಗಾಲದ ಪಾಲು ತೀರಾ ಚಿಕ್ಕದು. ಇಂಗಾಲಕ್ಕೆ ಅವರು ಹಿಡಿದ ಬೆಲೆ ಇಂದಿನ ಅಂದಾಜುಗಳ ಮುಂದೆ ಬಹಳ ಕಡಿಮೆ ಎಂಬುದು ನಿಜ. ಆದರೂ ಅವರು ತೋರಿಸಿದ ಅಂಶ ಉಳಿಯುತ್ತದೆ: ದಟ್ಟಣೆ ಕಿಲೋಮೀಟರಿಗೆ, ಜಾಗಕ್ಕೆ, ಹೊತ್ತಿಗೆ ಅಂಟಿಕೊಂಡ ಖರ್ಚು, ಲೀಟರಿಗಲ್ಲ. ಅದಕ್ಕೆ ಬೇರೆಯೇ ಸಾಧನವಿದೆ. ಸಿಂಗಪುರ 1975ರಲ್ಲೇ ನಗರಕೇಂದ್ರ ಪ್ರವೇಶಕ್ಕೆ ಶುಲ್ಕ ಹಾಕಿತು. ಲಂಡನ್ 2003ರಲ್ಲಿ 5 ಪೌಂಡ್‌ನಿಂದ ಶುರು ಮಾಡಿತು. ಸ್ಟಾಕ್‌ಹೋಮ್ 2006ರಲ್ಲಿ ಪ್ರಯೋಗ ಮಾಡಿದಾಗ ಶುಲ್ಕದ ಗಡಿ ದಾಟುವ ವಾಹನಗಳು ಶೇ 20ರಷ್ಟು ಕಡಿಮೆಯಾದವು, ಅದೂ ಕೆಲವೇ ವಾರಗಳಲ್ಲಿ.

ತೆರಿಗೆ ಬೇಡ, ವಾಹನ ತಯಾರಕರಿಗೇ ಮೈಲೇಜ್ ನಿಯಮ ಹಾಕಿ ಎನ್ನುವುದು ಇನ್ನೊಂದು ವಾದ. ಅಮೆರಿಕ 1975ರಿಂದ ಆ ದಾರಿ ಹಿಡಿದಿದೆ. ಅದು ಕೆಲಸ ಮಾಡುತ್ತದೆ, ಆದರೆ ಹೊಸ ವಾಹನಗಳ ಮೇಲೆ ಮಾತ್ರ. ರಸ್ತೆಯಲ್ಲಿರುವ ಹಳೆಯವು ಹಾಗೇ ಓಡುತ್ತವೆ, ಮೈಲೇಜ್ ಹೆಚ್ಚಿದ ವಾಹನದಲ್ಲಿ ಕಿಲೋಮೀಟರ್ ಅಗ್ಗವಾಗುವುದರಿಂದ ಜನ ಸ್ವಲ್ಪ ಹೆಚ್ಚು ಓಡಾಡುತ್ತಾರೆ. ನಿಯಮದ ಜೊತೆ ತೆರಿಗೆಯೂ ಇದ್ದರೆ ಆ ಸೋರಿಕೆ ನಿಲ್ಲುತ್ತದೆ.

ಸೋರುವ ಜಾಗಗಳು

ಗಡಿಯಾಚೆ ಇಂಧನ ಅಗ್ಗವಿದ್ದರೆ ಗಡಿಯ ಜನ ಅಲ್ಲೇ ಟ್ಯಾಂಕ್ ತುಂಬಿಸುತ್ತಾರೆ. ಲಕ್ಸೆಂಬರ್ಗ್‌ನಲ್ಲಿ ಮಾರಾಟವಾಗುವ ಇಂಧನದ ದೊಡ್ಡ ಪಾಲನ್ನು ಸುಡುವುದು ಪಕ್ಕದ ದೇಶಗಳ ಕಾರುಗಳು, ಹಾದುಹೋಗುವ ಲಾರಿಗಳು. ದೊಡ್ಡ ಲಾರಿಯ ಟ್ಯಾಂಕಿನಲ್ಲಿ ಸಾವಿರ ಲೀಟರಿಗೂ ಮೇಲೆ ಹಿಡಿಯುವುದರಿಂದ ಮಾರ್ಗವನ್ನೇ ಅದಕ್ಕೆ ತಕ್ಕಂತೆ ತಿರುಗಿಸುವುದು ಲಾಭದಾಯಕ. ಹೀಗೆ ಮಾರಾಟ ಇಳಿದದ್ದನ್ನು ಬಳಕೆ ಇಳಿಯಿತೆಂದು ಬರೆದುಕೊಳ್ಳುವ ಅಪಾಯವಿದೆ.

ಇನ್ನೊಂದು ಸೋರಿಕೆ ಒಂದೇ ಸರಕಿಗೆ ಎರಡು ಬೆಲೆ ಇಟ್ಟಾಗ. ಬ್ರಿಟನ್, ಐರ್ಲೆಂಡ್‌ಗಳಲ್ಲಿ ಟ್ರ್ಯಾಕ್ಟರಿಗೆ ಕಡಿಮೆ ತೆರಿಗೆಯ ಡೀಸೆಲ್ ಕೊಡುತ್ತಾರೆ, ಗುರುತಿಗೆ ಬಣ್ಣ ಬೆರೆಸುತ್ತಾರೆ. ಆಮ್ಲ ಅಥವಾ ಬಣ್ಣ ಹೀರುವ ಮಣ್ಣು ಹಾಕಿ ಆ ಬಣ್ಣ ತೆಗೆದು ರಸ್ತೆ ವಾಹನಗಳಿಗೆ ಮಾರುವ ದಂಧೆ ಗಡಿಯಲ್ಲಿ ಬೆಳೆಯಿತು. ಉಳಿದ ಕೆಸರನ್ನು ಹೊಲ, ರಸ್ತೆಬದಿಗಳಲ್ಲಿ ಸುರಿದು ಹೋಗುತ್ತಿದ್ದರು. ಕೊನೆಗೆ 2015ರಲ್ಲಿ ಎರಡೂ ದೇಶಗಳು ಸುಲಭಕ್ಕೆ ತೆಗೆಯಲಾಗದ ಹೊಸ ಗುರುತು ರಾಸಾಯನಿಕವನ್ನು ಒಟ್ಟಿಗೆ ತಂದವು. ಅಡುಗೆಗೆಂದು ಅಗ್ಗವಾಗಿಟ್ಟ ಸೀಮೆಎಣ್ಣೆ ಡೀಸೆಲ್‌ಗೆ ಬೆರೆಯುವುದೂ ಇದೇ ಬಗೆ. ಡೀಸೆಲ್ ತೆರಿಗೆ ಏರಿದಷ್ಟೂ ಕಲಬೆರಕೆಯ ಲಾಭ ಹೆಚ್ಚು. ಇಂಥ ಕಡೆ ರಿಯಾಯಿತಿಯನ್ನು ಲೀಟರ್ ಬೆಲೆಯಲ್ಲಿ ಕೊಡುವ ಬದಲು ಫಲಾನುಭವಿಯ ಖಾತೆಗೆ ಹಣವಾಗಿ ಹಾಕುವುದು ಒಳ್ಳೆಯದು.

ತೆರಿಗೆ ಇಳಿಸುವವರೂ ಒಂದು ಲೆಕ್ಕ ನೋಡಬೇಕು. 2000ದ ಬೇಸಿಗೆಯಲ್ಲಿ ಅಮೆರಿಕದ ಇಂಡಿಯಾನಾ, ಇಲಿನಾಯ್ ರಾಜ್ಯಗಳು ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ತಾತ್ಕಾಲಿಕವಾಗಿ ಕೈಬಿಟ್ಟಾಗ ಇಳಿಕೆಯ ಸುಮಾರು ಶೇ 70 ಮಾತ್ರ ಗ್ರಾಹಕರಿಗೆ ಮುಟ್ಟಿತು. ಮತ್ತೆ ಹಾಕಿದಾಗ ಶೇ 80ರಿಂದ 100ರಷ್ಟು ಅವರ ತಲೆಗೇ ಬಂತು. 2022ರ ಜೂನ್‌ನಿಂದ ಮೂರು ತಿಂಗಳು ಜರ್ಮನಿ ಪೆಟ್ರೋಲ್ ಮೇಲೆ ಸುಮಾರು 35 ಸೆಂಟ್ ಇಳಿಸಿತು. ಜಗತ್ತೆಲ್ಲ ತೈಲ ಉಳಿಸುವ ಮಾತಾಡುತ್ತಿದ್ದಾಗ ಇದು ಓಡಾಟಕ್ಕೆ ಪ್ರೋತ್ಸಾಹ ಕೊಟ್ಟಂತಾಯಿತು. ಅದೇ ಮೂರು ತಿಂಗಳು ತಿಂಗಳಿಗೆ 9 ಯೂರೋ ಕೊಟ್ಟು ಸ್ಥಳೀಯ ಬಸ್ಸು, ರೈಲುಗಳಲ್ಲಿ ಎಷ್ಟು ಬೇಕಾದರೂ ಓಡಾಡುವ ಟಿಕೆಟ್ಟನ್ನೂ ಅದು ಕೊಟ್ಟಿತ್ತು. ಒಂದು ಕೈ ಕಾರಿನತ್ತ, ಇನ್ನೊಂದು ಬಸ್ಸಿನತ್ತ.

ಹೊರೆ ಯಾರ ಮೇಲೆ?

ಕಾರು ಇರುವವರು ಕಡಿಮೆ ಇರುವ ದೇಶಗಳಲ್ಲಿ ಪೆಟ್ರೋಲ್ ತೆರಿಗೆ ನೇರವಾಗಿ ಬೀಳುವುದು ಉಳ್ಳವರ ಮೇಲೆ. ಬಡವರಿಗೆ ಅದು ಬಸ್ ದರ, ತರಕಾರಿ ಸಾಗಣೆಯ ಮೂಲಕ ತಟ್ಟುತ್ತದೆ. ಸಿರಿವಂತ ದೇಶಗಳಲ್ಲಿ ಬಡವರಿಗೂ ಕಾರು ಇರುವುದರಿಂದ ಪೆಟ್ಟು ಹೆಚ್ಚು ನೇರ. ಆದರೆ ಬಡವ-ಬಲ್ಲಿದ ಎಂಬ ಸರಾಸರಿಗಿಂತ ದೊಡ್ಡ ಅಂತರ ಇರುವುದು ಒಂದೇ ಆದಾಯದವರ ನಡುವೆ: ಮೆಟ್ರೋ ಪಕ್ಕದಲ್ಲಿರುವವರು ಮತ್ತು ಬಸ್ಸೇ ಬಾರದ ಊರಿನವರು.

ಫ್ರಾನ್ಸ್ ಎಡವಿದ್ದು ಇಲ್ಲೇ. 2014ರಲ್ಲಿ ಟನ್ನಿಗೆ 7 ಯೂರೋ ಇದ್ದ ಕಾರ್ಬನ್ ತೆರಿಗೆ 2018ಕ್ಕೆ 44.60 ಆಗಿತ್ತು. 2019ರ ಜನವರಿಯಲ್ಲಿ ಡೀಸೆಲ್ ಲೀಟರಿಗೆ ಇನ್ನೂ 6.5 ಸೆಂಟ್, ಪೆಟ್ರೋಲ್‌ಗೆ 2.9 ಸೆಂಟ್ ಏರಬೇಕಿತ್ತು. ಅದೇ ವರ್ಷ ಕಚ್ಚಾ ತೈಲವೂ ಏರಿತ್ತು, ಬಂದ ಹಣದ ಬಹುಪಾಲು ಸಾಮಾನ್ಯ ಬಜೆಟ್ಟಿಗೆ ಹೋಗುತ್ತಿತ್ತು. ವರ್ಷಗಳ ಕಾಲ ಡೀಸೆಲ್ ಕೊಳ್ಳಿ ಎಂದು ಹೇಳಿಸಿಕೊಂಡ ಊರಾಚೆಯ ಜನಕ್ಕೇ ಪೆಟ್ಟು ಬಿತ್ತು. 2018ರ ನವೆಂಬರ್ 17ರಂದು ಹಳದಿ ಅಂಗಿ ತೊಟ್ಟವರು ವೃತ್ತಗಳನ್ನು ಹಿಡಿದು ಕುಳಿತರು. ಡಿಸೆಂಬರಿನಲ್ಲಿ ಸರ್ಕಾರ ಏರಿಕೆ ಕೈಬಿಟ್ಟಿತು.

ಬ್ರಿಟಿಷ್ ಕೊಲಂಬಿಯಾ ಹಣ ಹಿಂದಿರುಗಿಸುವುದನ್ನು ಮೊದಲಿಟ್ಟುಕೊಂಡಿತು. 2008ರ ಜುಲೈ 1ರಂದು ಟನ್ನಿಗೆ 10 ಕೆನಡಾ ಡಾಲರ್‌ನಿಂದ ಶುರು. ವರ್ಷಕ್ಕೆ 5 ಡಾಲರಿನಂತೆ 2012ಕ್ಕೆ 30 ಡಾಲರ್. ಪೂರ್ತಿ ವೇಳಾಪಟ್ಟಿ ಮೊದಲೇ ಪ್ರಕಟವಾಗಿತ್ತು. ತೆರಿಗೆ ಶುರುವಾಗುವ ಮುನ್ನವೇ ತಲೆಗೆ 100 ಡಾಲರ್ ಕೈಸೇರಿತ್ತು, ಆದಾಯ ತೆರಿಗೆ ಇಳಿಯಿತು, ಕಡಿಮೆ ಆದಾಯದವರಿಗೆ ಪ್ರತ್ಯೇಕ ಪಾವತಿ ಇತ್ತು. ಇರಾನ್ 2010ರ ಡಿಸೆಂಬರಿನಲ್ಲಿ ಸಬ್ಸಿಡಿ ಕಡಿದು ರೇಷನ್ ಪೆಟ್ರೋಲನ್ನು ಲೀಟರಿಗೆ 1,000 ರಿಯಾಲ್‌ನಿಂದ 4,000ಕ್ಕೆ ಏರಿಸಿದಾಗ ತಲೆಗೆ ತಿಂಗಳಿಗೆ 4,55,000 ರಿಯಾಲ್‌ನಂತೆ ಮುಂಚೆಯೇ ಖಾತೆಗಳಿಗೆ ಹಾಕಿ, ಬೆಲೆ ಏರಿದ ದಿನ ತೆಗೆಯಲು ಬಿಟ್ಟಿತು. ಬೀದಿ ಶಾಂತವಾಗಿತ್ತು. ಆದರೆ ಆ ಮೊತ್ತವನ್ನು ಹಣದುಬ್ಬರಕ್ಕೆ ಜೋಡಿಸಿರಲಿಲ್ಲ, ಕೆಲವೇ ವರ್ಷಗಳಲ್ಲಿ ಅದರ ಬೆಲೆ ಕರಗಿತು.

ಹಣ ಹಿಂದಿರುಗಿಸಿದರೂ ಅದು ಕಾಣದಿದ್ದರೆ ಪ್ರಯೋಜನವಿಲ್ಲ. ಕೆನಡಾದ ಒಕ್ಕೂಟ ಸರ್ಕಾರ 2019ರಿಂದ ಇಂಧನ ಶುಲ್ಕದ ಬಹುಪಾಲನ್ನು ಕುಟುಂಬಗಳಿಗೇ ಕೊಡುತ್ತಿತ್ತು. ಮೊದಲು ಅದು ಆದಾಯ ತೆರಿಗೆ ವಿವರದಲ್ಲಿ ಒಂದು ಸಾಲಾಗಿ ಹೋಯಿತು, ನಂತರ ಮೂರು ತಿಂಗಳಿಗೊಮ್ಮೆ ಖಾತೆಗೆ ಬಂದರೂ ಬ್ಯಾಂಕ್ ವಿವರದಲ್ಲಿ ಅರ್ಥವಾಗದ ಹೆಸರಿನಲ್ಲಿ ಜಮೆಯಾಗುತ್ತಿತ್ತು. ಬಂಕಿನಲ್ಲಿ ಕೊಟ್ಟದ್ದು ಪ್ರತಿ ವಾರ ಕಣ್ಣಿಗೆ ಬಿತ್ತು, ವಾಪಸ್ ಬಂದದ್ದು ಬೀಳಲಿಲ್ಲ. ಕೊನೆಗೆ 2025ರ ಏಪ್ರಿಲ್ 1ರಿಂದ ಗ್ರಾಹಕರ ಮೇಲಿನ ಶುಲ್ಕವನ್ನೇ ನಿಲ್ಲಿಸಿದರು. ಬ್ರಿಟಿಷ್ ಕೊಲಂಬಿಯಾವೂ ಅಂದೇ ನಿಲ್ಲಿಸಿತು.

ಸರಕು ಸಾಗಣೆಗೆ ಸೇರಿದ ಒಂದು ಮಾತು. ಲಾರಿ ಮಾಲೀಕರ ಖರ್ಚಿನಲ್ಲಿ ಇಂಧನದ ಪಾಲು ದೊಡ್ಡದು, ಲಾರಿ ಬದಲಿಸುವುದು ಕಾರು ಬದಲಿಸಿದಷ್ಟು ಸುಲಭವಲ್ಲ. ಅವರಿಗೆ ತೆರಿಗೆ ವಿನಾಯಿತಿ ಕೊಟ್ಟರೆ ಡೀಸೆಲ್ ಸೋರಿಕೆಯ ಬಾಗಿಲು ತೆರೆಯುತ್ತದೆ. ಬಾಡಿಗೆ ಒಪ್ಪಂದದಲ್ಲಿ ಇಂಧನ ಬೆಲೆಗೆ ತಕ್ಕಂತೆ ದರ ತಾನಾಗಿ ಪರಿಷ್ಕರಣೆಯಾಗುವ ಷರತ್ತು ಇದ್ದರೆ ಹೊರೆ ಸರಕಿನ ಒಡೆಯರಿಗೆ ಸೇರುತ್ತದೆ, ಆಗ ಖಾಲಿ ಲಾರಿ ವಾಪಸ್ ಓಡಿಸುವುದನ್ನು ತಪ್ಪಿಸಲು ಅವರಿಗೂ ಕಾರಣ ಸಿಗುತ್ತದೆ.

ವಿದ್ಯುತ್ ವಾಹನ ಬಂದ ಮೇಲೆ

ತೆರಿಗೆ ಯಶಸ್ವಿಯಾದಷ್ಟೂ ಅದರ ಆದಾಯ ಕುಗ್ಗುತ್ತದೆ. ವಿದ್ಯುತ್ ವಾಹನ ಇಂಧನ ತೆರಿಗೆ ಕಟ್ಟುವುದಿಲ್ಲ, ರಸ್ತೆಯನ್ನು ಮಾತ್ರ ಎಲ್ಲರಂತೆ ಬಳಸುತ್ತದೆ. ನ್ಯೂಜಿಲೆಂಡ್ 2024ರ ಏಪ್ರಿಲ್‌ನಿಂದ ಹಗುರ ವಿದ್ಯುತ್ ವಾಹನಗಳಿಗೆ 1,000 ಕಿಲೋಮೀಟರಿಗೆ 76 ನ್ಯೂಜಿಲೆಂಡ್ ಡಾಲರ್ ಶುಲ್ಕ ಹಾಕಿದೆ. ಐಸ್‌ಲ್ಯಾಂಡ್ ಅದೇ ವರ್ಷ ಜನವರಿಯಿಂದ ಕಿಲೋಮೀಟರಿಗೆ 6 ಕ್ರೋನಾ ಹಾಕಿತು. ರಸ್ತೆಗೆ ಹಣ ಬೇಕೆಂದರೆ ಕಿಲೋಮೀಟರ್ ಶುಲ್ಕ, ಇಂಗಾಲ ಇಳಿಯಬೇಕೆಂದರೆ ಲೀಟರ್ ತೆರಿಗೆ: ಎರಡನ್ನೂ ಬೇರೆ ಬೇರೆ ಇಡುವುದು ಒಳ್ಳೆಯದು. ರಸ್ತೆ ನಿಧಿ ಇಂಧನ ತೆರಿಗೆಯ ಮೇಲೇ ನಿಂತಿದ್ದರೆ, ಬಳಕೆ ಇಳಿಯಲಿ ಎಂದು ಮನಸಾರೆ ಬಯಸುವುದು ಯಾವ ಹಣಕಾಸು ಇಲಾಖೆಗೂ ಕಷ್ಟ.

ಏರಿಕೆ ಫಲ ಕೊಟ್ಟಿತೇ ಎಂದು ನೋಡುವಾಗ ತಿಂಗಳ ಅಂಕಿ ನಂಬಬಾರದು. ಏರಿಕೆಯ ಮುನ್ನಾದಿನ ಎಲ್ಲರೂ ಟ್ಯಾಂಕ್ ತುಂಬಿಸಿಕೊಳ್ಳುವುದರಿಂದ ಆ ತಿಂಗಳ ಮಾರಾಟ ಉಬ್ಬಿ, ಮರು ತಿಂಗಳು ಕುಸಿದಂತೆ ಕಾಣುತ್ತದೆ. ಹಿಂದಿನ ವರ್ಷದ ಅದೇ ಮೂರು ತಿಂಗಳಿಗೆ ಹೋಲಿಸಿ, ಆದಾಯದ ಬೆಳವಣಿಗೆ ಕಳೆದು, ಗಡಿ ಜಿಲ್ಲೆಗಳನ್ನು ಪ್ರತ್ಯೇಕವಾಗಿ ನೋಡಬೇಕು. ಅದರ ಜೊತೆ ವಾಹನ ತಪಾಸಣೆಯಲ್ಲಿ ದಾಖಲಾಗುವ ಓಡೋಮೀಟರ್ ಅಂಕಿ ಮತ್ತು ಹೊಸ ನೋಂದಣಿಗಳ ಸರಾಸರಿ ಮೈಲೇಜ್ ಎರಡನ್ನೂ ಇಟ್ಟುಕೊಳ್ಳಬೇಕು. ಮಾರಾಟ ಇಳಿದು, ಓಡಾಟವೂ ಮೈಲೇಜೂ ಎರಡೂ ಬದಲಾಗದಿದ್ದರೆ ಆ ಇಂಧನ ಗಡಿಯಾಚೆಯಿಂದಲೋ ಕಲಬೆರಕೆಯಿಂದಲೋ ಬರುತ್ತಿದೆ.